ಹಳೆಯ ಕಾರಿನ ಮೂಲರೂಪ ಮತ್ತು ಓಟದ ಆನಂದ

ಶತಮಾನ ದಾಟಿದ ಕಾರನ್ನು ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿಯೇ ಕಾಯ್ದುಕೊಳ್ಳಬೇಕೆ ಅಥವಾ ನಿಶ್ಚಿಂತೆಯಿಂದ ಓಡಿಸಿ ಆನಂದಿಸುವಂತೆ ಮಾರ್ಪಡಿಸಬಹುದೆ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಒಳ್ಳೆಯ ನಿದರ್ಶನವಾಗಿದೆ. ಅದರ ಹಿಂದಿನ ಆಕ್ಸಲ್‌ನಲ್ಲಿ ಗೇರುಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದಿಡುವ ಬಿಲ್ಲೆಗಳು ಬ್ಯಾಬಿಟ್ ಎಂಬ ಮೃದು ಮಿಶ್ರಲೋಹದವು; ಕಾಲಾಂತರದಲ್ಲಿ ಅವು ಪುಡಿಯಾಗುತ್ತವೆ. ಕಾಲಿನಿಂದ ಒತ್ತುವ ಬ್ರೇಕು ಚಕ್ರಗಳನ್ನು ನೇರವಾಗಿ ಹಿಡಿಯದೆ ಗೇರುಪೆಟ್ಟಿಗೆಯ ಮೂಲಕ ಕೆಲಸ ಮಾಡುವುದರಿಂದ, ಬಿಲ್ಲೆ ಪುಡಿಯಾಗಿ ಗೇರಿನ ಹಲ್ಲುಗಳು ಬೇರ್ಪಟ್ಟರೆ ಇಳಿಜಾರಿನಲ್ಲಿ ಆ ಬ್ರೇಕೂ ನಿಷ್ಫಲವಾಗುತ್ತದೆ. ಹೊರಗಿನಿಂದ ಕಾಣದ ಈ ಭಾಗಕ್ಕೆ ಕಂಚಿನ ಬಿಲ್ಲೆ ಹಾಕುವುದನ್ನು ಮೂಲಕ್ಕೆ ಬಗೆದ ದ್ರೋಹವೆಂದು ಕರೆಯುವುದು ನ್ಯಾಯವಲ್ಲ, ಏಕೆಂದರೆ ಅದು ಪ್ರಾಣರಕ್ಷಣೆಯ ಮಾತು.

ಆದರೆ ಮೊದಲ ಬಣ್ಣವನ್ನು ಕೆರೆದು ಹೊಳಪೇರಿಸುವುದು ಬೇರೆಯೇ ವಿಷಯ; ಒಮ್ಮೆ ಹೋದ ಆ ಬಣ್ಣ, ಅದರೊಡನೆ ಕುಂಚ ಹಿಡಿದ ಕೆಲಸಗಾರನ ಕೈಗುರುತು, ಮತ್ತೆ ಬಾರದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಅಂದರೆ ಸಂರಕ್ಷಣೆಯ ತತ್ತ್ವಗಳ ಪತ್ರ, ಬದಲಾವಣೆಗಳು ಮಿತವಾಗಿರಬೇಕು ಮತ್ತು ದಾಖಲಾಗಬೇಕು ಎನ್ನುವುದರ ಜೊತೆಗೆ ವಾಹನಗಳ ಬಳಕೆಯನ್ನೂ ಪ್ರೋತ್ಸಾಹಿಸುತ್ತದೆ.

1905ಕ್ಕಿಂತ ಮೊದಲಿನ ಕಾರುಗಳು ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಓಡುವಾಗ, ಚಾವಣಿಯೂ ಮುಂಗಾಜೂ ಇಲ್ಲದ ಎಷ್ಟೋ ಗಾಡಿಗಳಲ್ಲಿ ಜನರು ಕಂಬಳಿ ಹೊದ್ದು ಕುಳಿತಿರುತ್ತಾರೆ. ಅಲ್ಲಿ ಮೂಲರೂಪದ ಚಳಿಯೇ ಪಯಣದ ಸುಖವೂ ಆಗಿದೆ.