ದಿವ್ಯಾಸ್ತ್ರಗಳೂ ದುರ್ಗದ ಸೀಮೆಯ ಬೆಟ್ಟಗಳೂ



ದಿವ್ಯಾಸ್ತ್ರಗಳ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಪಾಶುಪತ, ಬ್ರಹ್ಮಶಿರಸ್ಸು, ನಾರಾಯಣಾಸ್ತ್ರ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ಮನಸ್ಸು ಅವನ್ನು ಪಡೆದ ವೀರರ ಕಡೆಗೆ ಹರಿಯುತ್ತದೆ. ಅಸ್ತ್ರವನ್ನು ಬಿಟ್ಟವನನ್ನು ನಾವು ಕೊಂಡಾಡುತ್ತೇವೆ. ಅದನ್ನು ಮೈಯಲ್ಲಿ ತಾಳಿದವನನ್ನು ನೆನೆಯುವುದು ಕಡಮೆ. ಈ ದಿನ ಅಂತಹವರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಜಗಳೂರು ತಾಲ್ಲೂಕಿನ ಬಿಳಿಚೋಡು ಈಗ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಊರಾಗಿತ್ತು. ಅಲ್ಲಿಂದ ಆಗ್ನೇಯಕ್ಕೆ ನಡೆದರೆ ದುರ್ಗದ ಕೋಟೆಬೆಟ್ಟ; ಈಶಾನ್ಯಕ್ಕೆ ಸಾಗಿದರೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ. ಮೊದಲನೆಯ ಬೆಟ್ಟವು ಭಾರತದ ಕಥೆಯೊಂದನ್ನೂ ಎರಡನೆಯದು ರಾಮಾಯಣದ ಕಥೆಯೊಂದನ್ನೂ ತನ್ನದೆಂದು ಹೇಳಿಕೊಳ್ಳುತ್ತವೆ.

ಕೈಯಲ್ಲಿ ಹಿಡಿದು ಹೊಡೆಯತಕ್ಕುದು ಶಸ್ತ್ರ. ಮಂತ್ರಿಸಿ ಬಿಡತಕ್ಕುದು ಅಸ್ತ್ರ. ಬಿಡುವ ಮಂತ್ರದೊಡನೆ ಹಿಂದಕ್ಕೆ ಕರೆಯುವ ಉಪಸಂಹಾರವನ್ನೂ ವೀರನು ಕಲಿತಿರಬೇಕು. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಎದುರುಬದುರಾಗಿ ಬ್ರಹ್ಮಶಿರಸ್ಸನ್ನು ಬಿಟ್ಟಾಗ ನಾರದ ವ್ಯಾಸರು ನಡುವೆ ಬಂದು ನಿಂತರು. ಅರ್ಜುನನು ತನ್ನದನ್ನು ಹಿಂತೆಗೆದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅವನ ಅಸ್ತ್ರವು ಉತ್ತರೆಯ ಗರ್ಭಕ್ಕೆ ತಾಗಿತು. ಇಬ್ಬರು ವೀರರ ಹಗೆಯನ್ನು ಹೊತ್ತುದು ಇನ್ನೂ ಹುಟ್ಟದ ಶಿಶು.

ದುರ್ಗದ ಬೆಟ್ಟದಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಭೀಮಸೇನನು ಹಿಡಿಂಬಾಸುರನನ್ನು ಕೊಂದುದು ಇಲ್ಲಿಯೇ ಎಂದು ಐತಿಹ್ಯ. ದೊಡ್ಡದೊಂದು ಎಲುಬನ್ನು ಹಿಡಿಂಬನ ಹಲ್ಲೆಂದು ತೋರಿಸುವ ವಾಡಿಕೆಯೂ ಬಹುಕಾಲ ನಡೆದುಬಂದಿತು. ಹಿಡಿಂಬನ ತಂಗಿ ಹಿಡಿಂಬೆಯು ಭೀಮನನ್ನು ವರಿಸಿ ಘಟೋತ್ಕಚನನ್ನು ಹೆತ್ತಳು. ಐತಿಹ್ಯವನ್ನು ಒಪ್ಪುವುದಾದರೆ ಆ ವೀರನು ದುರ್ಗದ ಮಗನೇ ಸರಿ. ನೆನೆದಾಗ ಬರುವೆನೆಂದು ತಂದೆಗೆ ಮಾತುಕೊಟ್ಟು, ಅದರಂತೆಯೇ ಯುದ್ಧಕ್ಕೂ ಬಂದನು.

ಇತ್ತ ಕರ್ಣನು ತನ್ನ ಸಹಜ ಕವಚಕುಂಡಲಗಳನ್ನು ಇಂದ್ರನಿಗೆ ಕೊಟ್ಟು ಅವನಿಂದ ಶಕ್ತಿಯೆಂಬ ದಿವ್ಯಾಯುಧವನ್ನು ಪಡೆದಿದ್ದನು. ಒಬ್ಬನನ್ನು ಕೊಂದು ಅದು ಇಂದ್ರನ ಬಳಿಗೆ ಮರಳತಕ್ಕುದು. ಅದನ್ನು ಅರ್ಜುನನಿಗೆಂದು ಕಾದಿರಿಸಿದ್ದನು. ಯುದ್ಧದ 14ನೆಯ ದಿನದ ರಾತ್ರಿ ಘಟೋತ್ಕಚನ ಹೊಡೆತವನ್ನು ತಾಳಲಾರದೆ ಕೌರವರು ಮೊರೆಯಿಟ್ಟಾಗ ಆ ಶಕ್ತಿಯನ್ನು ಅವನ ಮೇಲೆ ಬಿಡಬೇಕಾಯಿತು. ಪಾಂಡವರು ಶೋಕಿಸಿದರು, ಅರ್ಜುನನು ಉಳಿದನೆಂದು ಕೃಷ್ಣನು ಹರ್ಷಿಸಿದನು. ಹಿಡಿಂಬೆಯನ್ನು ಸಂತೈಸಿದವರಾರೆಂಬುದನ್ನು ದ್ರೋಣಪರ್ವವು ಹೇಳುವುದಿಲ್ಲ.

ಇನ್ನು ಜಟಿಂಗ ರಾಮೇಶ್ವರ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯುವು ಮಡಿದುದು ಇಲ್ಲಿಯೇ ಎಂದು ಜನರ ನಂಬಿಕೆ. ವಾಲ್ಮೀಕಿಯ ಜಟಾಯು ವೃದ್ಧ. ರಾವಣನೋ ಪ್ರಾಯದವನು, ಅವನಿಗೆ ಬಿಲ್ಲುಂಟು, ಕವಚವುಂಟು, ರಥವುಂಟು. ಈ ಅಂತರವನ್ನು ಬಲ್ಲೆನೆಂದು ತಾನೇ ಹೇಳಿ ಜಟಾಯು ಕದನಕ್ಕೆ ನಿಲ್ಲುತ್ತಾನೆ. ಕೊಕ್ಕು ಉಗುರುಗಳ ಹೊರತು ಬೇರೆ ಆಯುಧವಿಲ್ಲದೆಯೂ ಶತ್ರುವಿನ ಬಿಲ್ಲನ್ನು ಮುರಿದು ರಥವನ್ನು ಕೆಡವುತ್ತಾನೆ; ಕಡೆಗೆ ಖಡ್ಗಕ್ಕೆ ತನ್ನ ರೆಕ್ಕೆಗಳನ್ನು ಒಪ್ಪಿಸುತ್ತಾನೆ. ಶ್ರೀರಾಮನು ಅವನಿಗೆ ಬಂಧುವಿಗೆ ಮಾಡುವಂತೆ ಅಂತ್ಯಕ್ರಿಯೆಯನ್ನು ಮಾಡಿದನು.

ಇದೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವೊಂದುಂಟು. ಇದನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಇಲ್ಲಿಯ ಅಕ್ಷರಗಳು ಬಹಳವಾಗಿ ಸವೆದಿವೆ. ಬ್ರಹ್ಮಗಿರಿಯ ಪಾಠದಲ್ಲಿ ತಾಯಿತಂದೆಗಳ ಮಾತಿನಂತೆ ನಡೆಯಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂಬ ಉಪದೇಶ ಸ್ಪಷ್ಟವಾಗಿದೆ. ಕಳಿಂಗವನ್ನು ಗೆದ್ದು, ಗೆದ್ದುದಕ್ಕಾಗಿಯೇ ಪರಿತಪಿಸಿದ ಅರಸನ ಮಾತಿದು.

ಐತಿಹ್ಯವು ಚರಿತ್ರೆಯಲ್ಲವೆಂದು ವಿದ್ವಾಂಸರು ಹೇಳುವುದು ಯುಕ್ತವೇ. ಭೀಮನೂ ರಾಮನೂ ಬಂದುಹೋದರೆಂದು ಹೇಳಿಕೊಳ್ಳುವ ಬೆಟ್ಟಗಳು ದೇಶದಲ್ಲಿ ಅನೇಕವಾಗಿವೆ. ಆದರೆ ಒಂದು ಸೀಮೆಯ ಜನರು ಯಾರ ಹೆಸರನ್ನು ತಮ್ಮ ಬೆಟ್ಟಕ್ಕೆ ಇಟ್ಟುಕೊಂಡರೆಂಬುದು ಚರಿತ್ರೆಯ ವಿಷಯವೇ ಆಗಿದೆ. ದುರ್ಗದವರು ಸೋತ ಹಿಡಿಂಬನ ಹೆಸರಿನಲ್ಲಿ ಗುಡಿಯನ್ನು ಉಳಿಸಿಕೊಂಡರು. ಮೊಳಕಾಲ್ಮುರಿನವರು ಬಿದ್ದ ಹಕ್ಕಿಯನ್ನು ಬೆಟ್ಟದ ಹೆಸರಿನಲ್ಲಿ ನೆನಪಿಟ್ಟರು.

ಇನ್ನು ಮೇಲೆ ಭಾರತವಾಚನವನ್ನು ಕೇಳುವಾಗ, ಅಸ್ತ್ರದ ಹೆಸರಿಗೆ ಮೈಮರೆಯುವ ಮುನ್ನ, ಅದು ಹೋಗಿ ಬಿದ್ದುದು ಯಾರ ಮೇಲೆಂದು ಒಮ್ಮೆ ಕೇಳಿಕೊಳ್ಳೋಣ. ಘಟೋತ್ಕಚನ ತಾಯಿಯ ನಾಡಿನವರು ಇಷ್ಟನ್ನಾದರೂ ಕೇಳಬೇಡವೆ?