ಸುರಂಗದೊಳಗಣ ಕಾಯಕ



ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಹೋಗಿಬಂದ ಮಂಡ್ಯ, ಮದ್ದೂರಿನವರು ಇಲ್ಲಿ ಅನೇಕರಿದ್ದೀರಿ. ಮಳವಳ್ಳಿಗೆ ರೈಲೇ ಇಲ್ಲ, ಆ ಮಾತು ಬೇರೆ. ಸಕಲೇಶಪುರದಾಚೆಯ ಘಟ್ಟದಲ್ಲಿ 57 ಸುರಂಗಗಳಿವೆ. 1979ರಲ್ಲಿ ತೆರೆದ ಮೀಟರ್ ಗೇಜ್ ಮಾರ್ಗವನ್ನು 1996ರಲ್ಲಿ ಮುಚ್ಚಿ, ಹಳಿ ಕಿತ್ತು, ಬ್ರಾಡ್ ಗೇಜ್ ಹಾಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಕಬ್ಬಿಣ ಹೊಸದಾದರೇನು, ಗುಡ್ಡದ ತೇವ ಹಳೆಯದೇ. ಬಂಡೆಯಿಂದ ಜಿನುಗುವ ನೀರು ಹಗಲಿರುಳೂ ಹಳಿಯನ್ನು ತಿನ್ನುತ್ತದೆ. ಅಲ್ಲಿ ಒಣಗಿಸುವ ಬಿಸಿಲಿಲ್ಲ. ಎರಡು ರೈಲುಗಳ ನಡುವಣ ಅಲ್ಪಾವಕಾಶದಲ್ಲೇ ಸವೆದುದನ್ನು ತೆಗೆದು ಹೊಸದನ್ನು ಕೂರಿಸಿ ಬಿಗಿಯಬೇಕು. ಒಂದು ಕೀಲು ಸಡಿಲವಾದರೂ ನೂರಾರು ಜೀವಗಳಿಗೆ ಅಪಾಯ.

ಒಮ್ಮೆ ನಾವು ಆ ದಾರಿಯಲ್ಲಿ ಹೋಗುವಾಗ, ಸುರಂಗದ ಗೋಡೆಯ ಗೂಡಿನಲ್ಲಿ ದೀಪ ಹಿಡಿದು ಒಬ್ಬ ಗ್ಯಾಂಗ್‌ಮನ್ ಒರಗಿ ನಿಂತಿದ್ದನು. ನಾವು ಕೈಮುಗಿದೆವು. ಆತನು ನಮ್ಮನ್ನು ನೋಡಲಿಲ್ಲ. ಆತನ ದೃಷ್ಟಿಯೆಲ್ಲ ಹಳಿಯ ಮೇಲಿತ್ತು.