ನಾಲ್ಕನೆಯ ಸ್ವರ ಸೇರಿದಾಗ

ಮನೆಯಲ್ಲಿ ಕೀಬೋರ್ಡ್ ಇದ್ದರೆ ಅದರ ಮುಂದೆ ಕೂತು ಇದನ್ನು ಓದಿ. ಹಾರ್ಮೋನಿಯಂ ಆದರೂ ಆದೀತು. ಕಪ್ಪು ಮನೆಗಳು ಒಂದು ಕಡೆ ಎರಡೆರಡು, ಇನ್ನೊಂದು ಕಡೆ ಮೂರುಮೂರು ಇರುತ್ತವಲ್ಲ? ಎರಡಿರುವ ಗುಂಪಿನ ಎಡಕ್ಕೆ ತಾಗಿರುವ ಬಿಳಿ ಮನೆಯನ್ನು 'ಸ' ಎಂದಿಟ್ಟುಕೊಳ್ಳಿ. ಪಾಶ್ಚಾತ್ಯ ಸಂಗೀತದಲ್ಲಿ ಅದರ ಹೆಸರು ಸಿ. ಅಲ್ಲಿಂದ ಬಿಳಿ ಮನೆಗಳನ್ನಷ್ಟೇ ನುಡಿಸುತ್ತ ಹೋದರೆ ಸ ರಿ ಗ ಮ ಪ ದ ನಿ. ನಮ್ಮ ಶಂಕರಾಭರಣದ ಸ್ವರಗಳು ಅವು. ಅವರಿಗೆ ಮೇಜರ್ ಸ್ಕೇಲ್.

ಈಗ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಕಿವಿಗೆ ಹಿತವಾಗಿದೆ, ಅಲ್ಲವೇ? ಹೀಗೆ ಕೂಡಿ ನುಡಿಯುವ ಸ್ವರಗಳ ಗುಂಪೇ ಕಾರ್ಡ್. ಒಂದು ಸ್ವರ ಬಿಟ್ಟು ಇನ್ನೊಂದು, ಇಷ್ಟೇ ಅದರ ಲೆಕ್ಕ. ಅದೇ ಲೆಕ್ಕದಲ್ಲಿ 'ಪ'ದಿಂದ ಹೊರಟರೆ ಪ, ನಿ, ಮೇಲಿನ ರಿ. ಅದೂ ಹಿತವೇ. ಅಲ್ಲಿಗೇ ನಿಲ್ಲದೆ ಇನ್ನೊಂದನ್ನು ಸೇರಿಸಿ: ಪ, ನಿ, ರಿ, ಮ. 'ಪ'ದಿಂದ ಎಣಿಸಿದರೆ ಮ ಏಳನೆಯ ಸ್ವರ. ಆದ್ದರಿಂದ ಇದು ಸೆವೆಂತ್ ಕಾರ್ಡ್.

ಬೆರಳು ಎತ್ತದೆ ಕೇಳಿ. ಮಾತು ಅರ್ಧಕ್ಕೇ ನಿಂತ ಹಾಗಿದೆ. ಈಗ 'ನಿ'ಯ ಬೆರಳನ್ನು ಪಕ್ಕದ 'ಸ'ಕ್ಕೆ ಏರಿಸಿ, 'ಮ'ದ ಬೆರಳನ್ನು ಪಕ್ಕದ 'ಗ'ಕ್ಕೆ ಇಳಿಸಿ. 'ಪ' ಇದ್ದಲ್ಲೇ ಇರಲಿ, 'ರಿ' ಬಿಟ್ಟುಬಿಡಿ. ಆ ತಳಮಳ ಒಮ್ಮೆಗೇ ಕರಗಿ ಸ, ಗ, ಪ ಮತ್ತೆ ಬಂತು! ನೂರಾರು ವರ್ಷಗಳಿಂದ ಯುರೋಪಿನ ಸಂಗೀತಗಾರರು ಹಾಡು ಮುಗಿಸಲು ಈ ಜಾರುವಿಕೆಯನ್ನೇ ನೆಚ್ಚಿಕೊಂಡಿದ್ದಾರೆ.

ತಳಮಳ ಎಲ್ಲಿಂದ ಬಂತು? ಶಬ್ದವೆಂದರೆ ಕಂಪನ. ಕೀಬೋರ್ಡಿನ ನಡುವಿನ 'ಸ'ದ ಎಡಕ್ಕಿರುವ ಪ ಸೆಕೆಂಡಿಗೆ 196 ಸಲ ಕಂಪಿಸುತ್ತದೆ. ಅದರ ಮೇಲಿನ ನಿ ಸುಮಾರು 247 ಸಲ, ರಿ 294, ಮ 349. ಈ ಸಂಖ್ಯೆಗಳನ್ನು 49ರ ಮಗ್ಗಿಯ ಪಕ್ಕ ಇಟ್ಟು ನೋಡಿ. 49 ನಾಲ್ಕಲಿ 196, ಐದಲಿ 245, ಆರಲಿ 294. ಮೊದಲ ಮೂರು ಸ್ವರಗಳು ಹೆಚ್ಚುಕಡಿಮೆ ಮಗ್ಗಿಯಲ್ಲೇ ಕೂತಿವೆ. ಒಂದು ನಾಲ್ಕು ಸಲ ಕಂಪಿಸುವಷ್ಟರಲ್ಲಿ ಇನ್ನೊಂದು ಐದು ಸಲ, ಮತ್ತೊಂದು ಆರು ಸಲ ಕಂಪಿಸಿ ಮೂರೂ ಮತ್ತೆ ಜೊತೆಗೂಡುತ್ತವೆ. ಕಿವಿಗೆ ಆ ಹೊಂದಿಕೆ ಇಷ್ಟ. ಆದರೆ 49 ಏಳಲಿ 343. ನಮ್ಮ ಮ ಇರುವುದು 349ರಲ್ಲಿ, ಮಗ್ಗಿಯ ಹೊರಗೆ!

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಹೆಚ್ಚು ಚೆಂದ. ಕಪ್ಪು ಬಿಳಿ ಎಲ್ಲ ಸೇರಿಸಿ 'ನಿ'ಯಿಂದ 'ಮ'ಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಆರು. ಒಂದು ಸಪ್ತಕಕ್ಕೆ ಹನ್ನೆರಡು ಹೆಜ್ಜೆ, ಇದು ಸರಿಯಾಗಿ ಅರ್ಧ. 349ನ್ನು 247ರಿಂದ ಭಾಗಿಸಿದರೆ ಸುಮಾರು 1.41, ಅಂದರೆ 2ರ ವರ್ಗಮೂಲ. ಯಾವ ಎರಡು ಪೂರ್ಣಸಂಖ್ಯೆಗಳ ಅನುಪಾತಕ್ಕೂ ಪೂರ್ತಿ ಸಿಕ್ಕದ ಸಂಖ್ಯೆ ಅದು. ಕಾರ್ಡಿನ ಬಿಗುಪು ಬಹುಮಟ್ಟಿಗೆ ಈ ಜೋಡಿಯದು. ಪ ಮತ್ತು ರಿ ಬೆರಳುಗಳನ್ನು ಎತ್ತಿ ನಿ, ಮ ಎರಡನ್ನೇ ಒತ್ತಿ ನೋಡಿ, ತಿಳಿಯುತ್ತದೆ.

ಕೀಬೋರ್ಡಿನ ಮನೆಗಳು ಕದಲುವುದಿಲ್ಲ, ಗಂಟಲಿಗೆ ಆ ಕಟ್ಟಿಲ್ಲ. ಅಮೆರಿಕದಲ್ಲಿ ಬಾರ್ಬರ್‌ಶಾಪ್ ಎಂಬ ಹಾಡುಗಾರಿಕೆ ಇದೆ. ನಾಲ್ಕು ದನಿ, ಪಕ್ಕವಾದ್ಯವೇ ಇಲ್ಲ. ಅವರಿಗೆ ಈ ಕಾರ್ಡ್ ಬಲು ಪ್ರೀತಿ. ಹಾಡುವಾಗ ಏಳನೆಯ ಸ್ವರವನ್ನು ಚೂರು ತಗ್ಗಿಸಿ, ಮಗ್ಗಿಯ ಏಳರ ಹತ್ತಿರಕ್ಕೆ ತರುತ್ತಾರೆ. ಆಗ ನಾಲ್ಕು ದನಿಗಳೂ ಬೆಸೆದು ಗಂಟೆಯಂತೆ ಮೊಳಗುತ್ತವೆ.

ಸೆವೆಂತ್ ಕಾರ್ಡುಗಳೆಲ್ಲ ಹೀಗೆ ಚಡಪಡಿಸುವುದಿಲ್ಲ. ಸ, ಗ, ಪ, ನಿ ಒತ್ತಿದರೆ ಮೃದುವಾದ ಮೇಜರ್ ಸೆವೆಂತ್. ರಿ, ಮ, ದ, ಮೇಲಿನ ಸ ಒತ್ತಿದರೆ ತುಸು ಮಂಕಾದ ಮೈನರ್ ಸೆವೆಂತ್.

ಕಂಪನದ ಲೆಕ್ಕದಿಂದಲೇ ಎಲ್ಲವನ್ನೂ ವಿವರಿಸಲಾಗದು. ಕಿವಿಗೆ ಏನು ರೂಢಿ ಎಂಬುದೂ ಮುಖ್ಯ. 1800ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ ತನ್ನ ಮೊದಲ ಸಿಂಫೋನಿಯನ್ನು ಕೇಳಿಸಿದಾಗ, ಅದರ ಮೊದಲ ಕಾರ್ಡೇ ಸೆವೆಂತ್ ಆಗಿತ್ತು. ಶುರುವಿನಲ್ಲೇ ನೆಮ್ಮದಿಯಾಗಿ ನೆಲೆ ನಿಲ್ಲುವುದು ಆಗಿನ ಸಾಮಾನ್ಯ ವಾಡಿಕೆ. ಅಮೆರಿಕದ ಕಪ್ಪು ಜನರು ಕಟ್ಟಿದ ಬ್ಲೂಸ್ ಸಂಗೀತ ಇನ್ನೂ ಮುಂದೆ ಹೋಯಿತು. ಸ, ಗ, ಪ ಒತ್ತಿ, ಜೊತೆಗೆ 'ನಿ'ಯ ಎಡದ ಕಪ್ಪು ಮನೆಯನ್ನೂ ಸೇರಿಸಿ. ಹೆಜ್ಜೆ ಎಣಿಸಿದರೆ ನಾಲ್ಕು, ಮೂರು, ಮೂರು. ಪ ನಿ ರಿ ಮ ಇದ್ದ ಅಳತೆಯೇ. ಬ್ಲೂಸ್‌ನವರು ಹಾಡನ್ನು ಇದರಿಂದಲೇ ಶುರು ಮಾಡುತ್ತಾರೆ, ಎಷ್ಟೋ ಸಲ ಇದರಲ್ಲೇ ನಿಲ್ಲಿಸುತ್ತಾರೆ. ಅವರ ಕಿವಿಗೆ ಹಾಡು ಅಲ್ಲಿಗೆ ಮುಗಿದಿರುತ್ತದೆ.